ತಿಳಿನೀರಿನ ತಪ್ಪು ಲೆಕ್ಕ

ಅಮೆರಿಕದ ಎಷ್ಟೋ ಮನೆಗಳ ಹಿತ್ತಲಲ್ಲಿ ಎರಡು ಬಗೆಯ ನೀರು ಅಕ್ಕಪಕ್ಕದಲ್ಲೇ ಇರುತ್ತದೆ. ಒಂದು, ನೆಲ ಅಗೆದು ರಬ್ಬರ್ ಹಾಳೆ ಹಾಸಿ ಮಾಡಿದ ಪುಟ್ಟ ಕೊಳ. ಅದರಲ್ಲಿ ನಾಲ್ಕಾರು ಗೋಲ್ಡ್‌ಫಿಶ್. ಇನ್ನೊಂದು, ಉಕ್ಕಿನ ಚೌಕಟ್ಟಿಗೆ ವಿನೈಲ್ ಹಾಳೆ ಬಿಗಿದು ನೆಲದ ಮೇಲೆಯೇ ನಿಲ್ಲಿಸಿದ ಪೂಲ್. ಮಕ್ಕಳು ದೊಡ್ಡವರಾದ ಮೇಲೆ ಅದರಲ್ಲಿ ಇಳಿಯುವವರೇ ಇರುವುದಿಲ್ಲ. ಕೊಳ ಸೋರತೊಡಗಿದಾಗ, ತಳದಲ್ಲಿ ಹೂಳು ತುಂಬಿದಾಗ, ಕೊಕ್ಕರೆ ದಿನಕ್ಕೊಂದು ಮೀನು ಎತ್ತಿಕೊಂಡು ಹೋಗತೊಡಗಿದಾಗ ಮನೆಯವರ ಕಣ್ಣು ತಾನಾಗಿಯೇ ಪೂಲಿನ ಕಡೆ ಹೊರಳುತ್ತದೆ. ಆಗ ಹುಟ್ಟುವ ವಾದ ಹೀಗೆ ಸಾಗುತ್ತದೆ: ಮೀನಿಗೆ ಬೇಕಾದದ್ದು ನೀರು, ಕೊಳದಲ್ಲಿರುವುದು ಎರಡು ಸಾವಿರ ಲೀಟರ್, ಪೂಲಿನಲ್ಲಿ ಅದರ ಏಳು ಪಟ್ಟು, ಕೊಳದ ನೀರು ಹಸಿರು, ಪೂಲಿನದು ತಳ ಕಾಣುವಷ್ಟು ತಿಳಿ, ಪೂಲಿಗೆ ಪಂಪು, ಫಿಲ್ಟರ್ ಎರಡೂ ಇವೆ, ಮೇಲಾಗಿ ಗೋಲ್ಡ್‌ಫಿಶ್ ಗಟ್ಟಿ ಜೀವ, ಎಲ್ಲಿ ಬಿಟ್ಟರೂ ಬದುಕುತ್ತದೆ. ಹಾಗಾಗಿ ಅಲ್ಲಿಂದ ಎತ್ತಿ ಇಲ್ಲಿ ಬಿಟ್ಟರೆ ಮೀನಿಗೆ ಒಳ್ಳೆಯದೇ ಆದೀತು.

ಹೀಗೆ ಯೋಚಿಸುವವರು ಮೀನಿನ ಬಗ್ಗೆ ಅಕ್ಕರೆ ಇಲ್ಲದವರಲ್ಲ. ಅಕ್ಕರೆ ಇರುವುದರಿಂದಲೇ ಹೀಗೆ ಯೋಚಿಸುತ್ತಾರೆ. ಅದಕ್ಕೇ ಈ ವಾದವನ್ನು ಗಂಭೀರವಾಗಿ ತೆಗೆದುಕೊಂಡು ಅದರ ಒಂದೊಂದು ಎಳೆಯನ್ನೂ ಬಿಡಿಸಿ ನೋಡಬೇಕು ಅನ್ನಿಸುತ್ತದೆ. ಇದಕ್ಕೆ ಎದುರಾಗಿ ನಿಂತ ಇನ್ನೊಂದು ಪಕ್ಷವೂ ಇದೆ. ಪೂಲ್ ಎಂದರೆ ವಿಷದ ತೊಟ್ಟಿ, ಮೀನನ್ನು ಅದರ ಹತ್ತಿರಕ್ಕೂ ಒಯ್ಯಬಾರದು ಎನ್ನುವುದು ಆ ಪಕ್ಷದ ಮಾತು. ಎರಡೂ ಪಕ್ಷಗಳು ಒಂದೇ ಜಾಗದಲ್ಲಿ ಎಡವುತ್ತವೆ ಎಂಬುದು ನನ್ನ ವಾದ. ಮೀನಿನ ಅಳಿವು ಉಳಿವು ಪಾತ್ರೆಯನ್ನು ಅವಲಂಬಿಸಿದೆ ಎಂದು ಇಬ್ಬರೂ ನಂಬಿದ್ದಾರೆ. ಆ ನೀರಿನಲ್ಲಿ ಹಗಲೂ ರಾತ್ರಿ ಯಾವ ಕೆಲಸಗಳು ನಡೆಯುತ್ತಿವೆ, ಅವನ್ನು ನಡೆಸುವ ಜೀವಿಗಳು ಅಲ್ಲಿವೆಯೇ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ.

ಮೊದಲು ವಾದದ ಅತ್ಯಂತ ಬಲವಾದ ಎಳೆಯನ್ನೇ ತೆಗೆದುಕೊಳ್ಳೋಣ: ಹೆಚ್ಚು ನೀರು ಒಳ್ಳೆಯದು. ಇದು ನಿಜ, ಮತ್ತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸುಮಾರು ನಾಲ್ಕೂವರೆ ಮೀಟರ್ ಅಡ್ಡಳತೆಯ ಪೂಲಿನಲ್ಲಿ 90 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಹದಿನಾಲ್ಕು ಸಾವಿರ ಲೀಟರಿನಷ್ಟಾಗುತ್ತದೆ. ಆರೆಂಟು ಮೀನುಗಳಿಗೆ ದಿನಕ್ಕೆ 10 ಗ್ರಾಂ ಆಹಾರ ಹಾಕುತ್ತೇವೆ, ಅದರಲ್ಲಿ ಶೇಕಡ 35 ಪ್ರೋಟೀನ್ ಇದೆ ಎಂದಿಟ್ಟುಕೊಳ್ಳೋಣ. ಮೀನು ಸಾಕಣೆಯವರು ಬಳಸುವ ಸಾಮಾನ್ಯ ಸೂತ್ರದ ಪ್ರಕಾರ ಇದರಿಂದ ದಿನಕ್ಕೆ ಸುಮಾರು 320 ಮಿಲಿಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. ಅದರ ಬಹುಪಾಲು ಮೀನಿನ ಕಿವಿರಿನಿಂದಲೇ ಹೊರಬರುತ್ತದೆ. ಎರಡು ಸಾವಿರ ಲೀಟರಿನ ಕೊಳದಲ್ಲಿ ಇದು ದಿನಕ್ಕೆ ಲೀಟರಿಗೆ 0.16 ಮಿಲಿಗ್ರಾಂ ಏರಿಕೆ. ಪೂಲಿನಲ್ಲಿ ಬರೀ 0.023. ಯಾವ ಬ್ಯಾಕ್ಟೀರಿಯವೂ ಪಾಚಿಯೂ ಇಲ್ಲದೆ ಎಲ್ಲ ಅಮೋನಿಯಾ ಅಲ್ಲೇ ಉಳಿದರೆ, ತಿಂಗಳ ಕೊನೆಗೆ ಕೊಳದಲ್ಲಿ ಲೀಟರಿಗೆ ಐದು ಮಿಲಿಗ್ರಾಂ ಹತ್ತಿರ ಹೋಗುತ್ತದೆ, ಪೂಲಿನಲ್ಲಿ ಒಂದು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಸಣ್ಣ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೆ ಈ ಅಂಕಿ ನೋಡಿದರೆ ಹೊಟ್ಟೆಕಿಚ್ಚಾದೀತು. ಆದರೆ ಇದೇ ಲೆಕ್ಕವನ್ನು ಇನ್ನೊಮ್ಮೆ ಓದಿದರೆ, ಹೆಚ್ಚಿನ ನೀರು ಅಮೋನಿಯಾವನ್ನು ಇಲ್ಲವಾಗಿಸುವುದಿಲ್ಲ, ಅದು ಮಾರಕ ಮಟ್ಟ ಮುಟ್ಟುವ ದಿನವನ್ನು ಮುಂದಕ್ಕೆ ಹಾಕುತ್ತದೆ ಅಷ್ಟೇ ಎಂಬುದು ಕಾಣುತ್ತದೆ. ದೊಡ್ಡ ಪಾತ್ರೆ ಕೊಡುವುದು ಕಾಲಾವಕಾಶ. ಆ ಅವಕಾಶದಲ್ಲಿ ಅಮೋನಿಯಾವನ್ನು ತಿನ್ನುವ ಜೀವಿಗಳು ಬೆಳೆದು ನಿಂತರೆ ಮೀನು ಉಳಿಯುತ್ತದೆ. ಬೆಳೆಯದಂತೆ ನಾವೇ ತಡೆದರೆ, ನೀರು ಎಷ್ಟಿದ್ದರೂ ಆ ದಿನ ಬಂದೇ ಬರುತ್ತದೆ.

ಆ ಜೀವಿಗಳ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಡೀ ಗೊಂದಲದ ಬೇರು ಇಲ್ಲಿದೆ. ಅಮೋನಿಯಾವನ್ನು ಶಕ್ತಿಯ ಮೂಲವಾಗಿ ಬಳಸಿ ಅದನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಇವೆ ಎಂಬುದನ್ನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಜೂರಿಚ್‌ನಲ್ಲಿ ಕೆಲಸ ಮಾಡುತ್ತ ತೋರಿಸಿಕೊಟ್ಟರು. ಒಂದು ಗುಂಪು ಮೊದಲ ಹೆಜ್ಜೆ, ಇನ್ನೊಂದು ಗುಂಪು ಎರಡನೆಯ ಹೆಜ್ಜೆ ಎಂಬ ಹಂಚಿಕೆ ನೂರಿಪ್ಪತ್ತೈದು ವರ್ಷ ಪಠ್ಯಪುಸ್ತಕಗಳಲ್ಲಿ ಉಳಿಯಿತು. 2015ರಲ್ಲಿ ಎರಡೂ ಹೆಜ್ಜೆಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂದು ಗೊತ್ತಾಯಿತು, ಮತ್ತು ಅಂಥ ಜೀವಿ ಸಿಕ್ಕ ಜಾಗಗಳಲ್ಲೊಂದು ಮೀನು ಸಾಕಣೆಯ ಫಿಲ್ಟರ್ ಎಂಬುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ. ಇವುಗಳ ಸ್ವಭಾವದಲ್ಲಿ ಮೂರು ಅಂಶಗಳು ಮುಖ್ಯ. ಇವು ಬಲು ನಿಧಾನ. ಬೇರೆ ಬ್ಯಾಕ್ಟೀರಿಯಗಳು ಅರ್ಧ ಗಂಟೆಯಲ್ಲಿ ಇಮ್ಮಡಿಯಾದರೆ ಇವಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ದಿನವೇ ಬೇಕು, ನೀರು ತಂಪಾದಷ್ಟೂ ಇನ್ನೂ ಹೆಚ್ಚು. ಇವಕ್ಕೆ ಆಮ್ಲಜನಕ ಎಡೆಬಿಡದೆ ಸಿಗಬೇಕು. ಕೊನೆಯದಾಗಿ, ಇವು ಬಹುಮಟ್ಟಿಗೆ ನೀರಿನಲ್ಲಿ ತೇಲುವುದಿಲ್ಲ. ಕಲ್ಲಿಗೆ, ಹಾಳೆಗೆ, ಗಿಡದ ಬೇರಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿದ ಲೋಳೆಯಲ್ಲಿ ನೆಲೆಸುತ್ತವೆ. ಕೊಳದ ಗೋಡೆ ಮುಟ್ಟಿದರೆ ಕೈಗೆ ಜಾರುವ ಆ ಲೋಳೆಯನ್ನು ನಾವು ಕೊಳಕು ಎನ್ನುತ್ತೇವೆ. ಮೀನಿನ ಕಡೆಯಿಂದ ನೋಡಿದರೆ ಅದೇ ಕೊಳದ ಜೀವಾಳ.

ಈ ಮೂರನೆಯ ಅಂಶವನ್ನು ತಿಳಿಯದ್ದರಿಂದ ಎಚ್ಚರಿಕೆಯುಳ್ಳವರೂ ಒಂದು ತಪ್ಪು ಮಾಡುತ್ತಾರೆ. ಹೊಸ ನೀರು ಮೀನಿಗೆ ಒಗ್ಗದು ಎಂದು ಕೇಳಿ, ಹಳೆಯ ಕೊಳದಿಂದ ಬಕೆಟ್‌ಗಟ್ಟಲೆ ನೀರು ಹೊತ್ತು ಪೂಲಿಗೆ ಸುರಿಯುತ್ತಾರೆ; ಒಳ್ಳೆಯ ಬ್ಯಾಕ್ಟೀರಿಯವೂ ಅದರೊಂದಿಗೆ ಬಂತು ಎಂದು ನೆಮ್ಮದಿಪಡುತ್ತಾರೆ. ಅದೇ ಹೊತ್ತಿಗೆ ಹಳೆಯ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗಿಟ್ಟು ಉಜ್ಜಿ ತೊಳೆಯುತ್ತಾರೆ, ಕಲ್ಲುಗಳನ್ನು ಬಿಸಿಲಿಗೆ ಒಣಗಿಸುತ್ತಾರೆ. ಇಡಬೇಕಾದ್ದನ್ನು ಚೆಲ್ಲಿ, ಚೆಲ್ಲಿದರೂ ನಡೆಯುವಂಥದ್ದನ್ನು ಹೊತ್ತಂತಾಯಿತು. ಹಳೆಯ ನೀರಿನಿಂದ ಒಂದು ಪ್ರಯೋಜನ ಇದ್ದೇ ಇದೆ. ನೀರಿನ ಗಡಸುತನ, ಕ್ಷಾರತೆಗಳಲ್ಲಿ ಏಕಾಏಕಿ ಏರುಪೇರಾಗುವುದು ತಪ್ಪುತ್ತದೆ. ಆದರೆ ಹದಿನಾಲ್ಕು ಸಾವಿರ ಲೀಟರಿನಲ್ಲಿ ಇಪ್ಪತ್ತು ಬಕೆಟ್ ಹಳೆಯ ನೀರು ಆ ಲೆಕ್ಕಕ್ಕೂ ಸಾಲದು. ಒಂದು ಒದ್ದೆ ಸ್ಪಂಜು, ಒಂದು ಬುಟ್ಟಿ ಲೋಳೆ ಹಿಡಿದ ಕಲ್ಲು, ಎರಡು ಕುಂಡ ಕೊಳದ ಗಿಡ, ಇವು ಒಣಗದಂತೆ ಪೂಲಿಗೆ ಬಂದರೆ ಅದರ ಬೆಲೆ ಆ ಎಲ್ಲ ಬಕೆಟ್‌ಗಳಿಗಿಂತ ಹೆಚ್ಚು.

ಇನ್ನು ತಿಳಿನೀರಿನ ವಿಷಯ. ಕಣ್ಣಿಗೆ ಕಾಣುವ ನಿರ್ಮಲತೆಯನ್ನೂ ಜೀವಕ್ಕೆ ಒಗ್ಗುವ ನಿರ್ಮಲತೆಯನ್ನೂ ಒಂದೇ ಎಂದು ತಿಳಿಯುವುದು ಮನುಷ್ಯರ ಕುಡಿಯುವ ನೀರಿನ ವಿಷಯದಲ್ಲೇ ಅಪಾಯ. ಮೀನಿನ ವಿಷಯದಲ್ಲಂತೂ ಪೂರ್ತಿ ತಲೆಕೆಳಗು. ಅಮೋನಿಯಾಕ್ಕೆ ಬಣ್ಣವಿಲ್ಲ, ನೈಟ್ರೈಟಿಗೆ ಬಣ್ಣವಿಲ್ಲ, ಕ್ಲೋರಿನ್ ಆ ಮಟ್ಟದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪೂಲಿನ ನೀರು ತಿಳಿಯಾಗಿರುವುದೇ ಅದರಲ್ಲಿ ಏನೂ ಬದುಕದಂತೆ ನೋಡಿಕೊಂಡದ್ದರಿಂದ. ಇದಕ್ಕೆ ದೊಡ್ಡ ಸಾಕ್ಷಿ ಅಮೆರಿಕದಲ್ಲೇ ಇದೆ. 2007–08ರ ಸಾಲದ ಬಿಕ್ಕಟ್ಟಿನಲ್ಲಿ ಕ್ಯಾಲಿಫೋರ್ನಿಯದ ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು. ಬೀಗ ಬಿದ್ದ ಮನೆಗಳ ಪೂಲುಗಳಲ್ಲಿ ಪಂಪು ನಿಂತಿತು, ಕ್ಲೋರಿನ್ ಹಾರಿಹೋಯಿತು, ನೀರು ಹಸಿರಾಯಿತು, ಸೊಳ್ಳೆ ತುಂಬಿತು. ಆಗ ಸೊಳ್ಳೆ ನಿಯಂತ್ರಣದ ಸಿಬ್ಬಂದಿ ಆ ಪೂಲುಗಳಿಗೆ ಗ್ಯಾಂಬೂಸಿಯ ಎಂಬ ಸಣ್ಣ ಮೀನುಗಳನ್ನು ಬಿಟ್ಟರು. ಅವು ಬದುಕಿದವು, ಮರಿ ಹಾಕಿದವು, ಸೊಳ್ಳೆಯ ಮರಿಗಳನ್ನು ತಿಂದವು. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲೂ ಹೀಗೆಯೇ ಮಾಡಿದ್ದರು. ಪಾಚಿಗಟ್ಟಿದ ಬಾವಿಗಳಿಗೆ ಮಲೇರಿಯಾ ತಡೆಯಲು ಗಪ್ಪಿ ಮೀನು ಬಿಟ್ಟದ್ದನ್ನು ಕರ್ನಾಟಕದ ಹಳ್ಳಿಗಳಲ್ಲಿ ಕಂಡವರಿಗೆ ಇದು ಹೊಸದೆನಿಸದು. ಮೀನು ಬದುಕಿದ್ದು ಯಾರೂ ನೋಡಿಕೊಳ್ಳದೆ ಹಾಳುಬಿದ್ದ ಪೂಲುಗಳಲ್ಲಿ. ನೆರೆಮನೆಯಲ್ಲಿ ಚೆನ್ನಾಗಿ ನೋಡಿಕೊಂಡ, ನೀಲಿಯಾಗಿ ಹೊಳೆಯುವ ಪೂಲಿಗೆ ಅದೇ ಮೀನನ್ನು ಬಿಟ್ಟಿದ್ದರೆ ಅದು ಆ ದಿನವನ್ನು ಕಳೆಯುತ್ತಿರಲಿಲ್ಲ.

ಹಾಗಾದರೆ ಆ ತಿಳಿನೀರಿನಲ್ಲಿ ಏನಿರುತ್ತದೆ? ಬಳಕೆಯಲ್ಲಿರುವ ಪೂಲನ್ನು ಮೀನಿಗೆ ಕೊಡಬೇಕೆನ್ನುವವರು ಇವಿಷ್ಟನ್ನು ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಒಂದೊಂದಕ್ಕೂ ಪರಿಹಾರ ಬೇರೆ.

1. ಕ್ಲೋರಿನ್. ಪೂಲಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇಡುತ್ತಾರೆ. ಅದರ ಹತ್ತರಲ್ಲೊಂದು ಪಾಲೂ ಮೀನಿನ ಕಿವಿರನ್ನು ಸುಡಬಲ್ಲದು. ಬಿಸಿಲಿಗೆ ಇದು ಬೇಗ ಒಡೆಯುತ್ತದೆ. ಆದರೆ ಬಿಸಿಲಿಗೆ ಒಡೆಯದಿರಲೆಂದೇ ಹೊರಾಂಗಣದ ಪೂಲುಗಳಿಗೆ ಸಯನ್ಯೂರಿಕ್ ಆಮ್ಲ ಸೇರಿಸಿರುತ್ತಾರೆ, ಹೀಗಾಗಿ ಎರಡು ದಿನ ಬಿಟ್ಟರೆ ಸಾಕು ಎಂಬ ಅಂದಾಜು ಸುಳ್ಳಾಗುತ್ತದೆ.

2. ಕ್ಲೋರಮಿನ್. ಪೂಲ್ ಖಾಲಿ ಮಾಡಿ ನಲ್ಲಿಯ ನೀರು ತುಂಬಿದರೂ ಸಮಸ್ಯೆ ಮುಗಿಯದು. ನಲ್ಲಿ ನೀರನ್ನು ಒಂದು ದಿನ ಬಕೆಟ್‌ನಲ್ಲಿಟ್ಟು ಮೀನಿನ ತೊಟ್ಟಿಗೆ ಹಾಕುವ ರೂಢಿ ನಮ್ಮೂರುಗಳಲ್ಲಿ ಚಿಕ್ಕಂದಿನಿಂದ ಬಂದದ್ದು. ಕ್ಲೋರಿನ್ ಇದ್ದಲ್ಲಿ ಅದು ಸರಿಯಾದ ರೂಢಿಯೇ. ಅಮೆರಿಕದ ಅನೇಕ ಊರುಗಳ ನೀರು ಸರಬರಾಜಿನಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಇರುತ್ತದೆ, ಅದು ದಿನಗಟ್ಟಲೆ ಇಟ್ಟರೂ ಆರಿಹೋಗುವುದಿಲ್ಲ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರು ಊರಿನ ರೂಢಿಯನ್ನೇ ನೆಚ್ಚಿಕೊಂಡರೆ ಮೀನು ಕಳೆದುಕೊಳ್ಳುತ್ತಾರೆ. ಸೋಡಿಯಂ ಥಯೋಸಲ್ಫೇಟ್ ಇದನ್ನು ಒಡೆಯುತ್ತದೆ, ಆದರೆ ಒಡೆದಾಗ ಅಮೋನಿಯಾ ಹೊರಬೀಳುತ್ತದೆ. ಅಂದರೆ ಮೊದಲ ದಿನವೇ ಬ್ಯಾಕ್ಟೀರಿಯಕ್ಕೆ ಕೆಲಸ ಬಿದ್ದಿರುತ್ತದೆ.

3. ಪಾಚಿನಾಶಕ. ಇವುಗಳಲ್ಲಿ ಕೆಲವು ತಾಮ್ರದವು. ತಾಮ್ರ ಬಿಸಿಲಿಗೂ ಗಾಳಿಗೂ ಹೋಗುವ ವಸ್ತುವಲ್ಲ, ಮತ್ತು ನೀರು ಮೃದುವಾಗಿದ್ದಷ್ಟೂ ಅದರ ವಿಷ ಹೆಚ್ಚು. ನೀರನ್ನು ಪೂರ್ತಿ ಖಾಲಿ ಮಾಡಿ ಹಾಳೆಯನ್ನು ತೊಳೆಯುವುದೇ ದಾರಿ.

4. ಹಾಳೆ. ಪೂಲಿನ ಕೆಲವು ವಿನೈಲ್ ಹಾಳೆಗಳಿಗೆ ಬೂಷ್ಟು ಹಿಡಿಯದಂತೆ ಔಷಧ ಸೇರಿಸಿರುತ್ತಾರೆ. ಕೊಳಕ್ಕೆಂದು ಮಾರುವ ಹಾಳೆಯಲ್ಲಿ ಇದು ಇರುವುದಿಲ್ಲ. ಹೊಸ ಪೂಲ್ ಕೊಳ್ಳುವವರು ಕೇಳಿಯೇ ಕೊಳ್ಳಬೇಕು.

5. ಉಪ್ಪು ನೀರಿನ ಪೂಲ್. ಇದರಲ್ಲಿ ಕ್ಲೋರಿನ್ ಇಲ್ಲ ಎಂಬ ನಂಬಿಕೆ ವ್ಯಾಪಕ. ಆ ಯಂತ್ರ ಮಾಡುವ ಕೆಲಸವೇ ಉಪ್ಪಿನಿಂದ ಕ್ಲೋರಿನ್ ತಯಾರಿಸುವುದು.

ಫಿಲ್ಟರ್ ಇದೆಯಲ್ಲ ಎಂಬ ಸಮಾಧಾನಕ್ಕೂ ಇಲ್ಲೇ ಉತ್ತರ ಹೇಳಬೇಕು. ಪೂಲಿನ ಫಿಲ್ಟರ್ ಕಸ ಹಿಡಿಯುವ ಸಾಧನ. ಕ್ಲೋರಿನ್ ಕೊಂದದ್ದನ್ನು ಅದು ಸೋಸಿ ತೆಗೆಯುತ್ತದೆ. ಅಮೋನಿಯಾ ಕರಗಿದ ವಸ್ತುವಾದ್ದರಿಂದ ಯಾವ ಜರಡಿಗೂ ಸಿಗುವುದಿಲ್ಲ. ಅದೇ ಮರಳು ಅಥವಾ ಕಾಗದದ ಮೇಲೆ ಕಾಲಕ್ರಮದಲ್ಲಿ ಬ್ಯಾಕ್ಟೀರಿಯ ನೆಲೆಗೊಳ್ಳಬಹುದಲ್ಲ ಎಂದರೆ, ಹೌದು, ನೆಲೆಗೊಳ್ಳಬಹುದು. ಆದರೆ ಪೂಲಿನ ಪಂಪನ್ನು ದಿನಕ್ಕೆ ಕೆಲವು ಗಂಟೆ ಮಾತ್ರ ಓಡಿಸುವುದು ರೂಢಿ; ಪಂಪು ನಿಂತ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಆ ಜೀವಿಗಳು ಉಸಿರುಕಟ್ಟುತ್ತವೆ. ಅದನ್ನು ತೊಳೆಯಲು ಕ್ಲೋರಿನ್ ನೀರು ಹಾಯಿಸಿದರೆ ಉಳಿದವೂ ಹೋದವು. ಜೊತೆಗೆ ಆ ಪಂಪಿನ ಎಳೆತ ಸಣ್ಣ ಮೀನನ್ನು ಬಾಯಿಗೆ ಸೆಳೆದುಕೊಳ್ಳುವಷ್ಟು ಬಲವಾದದ್ದು. ಕೊಳದ ಹಳೆಯ ಫಿಲ್ಟರನ್ನೇ ತಂದು ಹಗಲಿರುಳೂ ಓಡಿಸುವುದು ಇದೆಲ್ಲಕ್ಕಿಂತ ಮೇಲು. ಹದಿನಾಲ್ಕು ಸಾವಿರ ಲೀಟರಿಗೆ ಅದು ಚಿಕ್ಕದಾಯಿತು ಎಂಬ ಆಕ್ಷೇಪ ನಿಲ್ಲದು. ಫಿಲ್ಟರಿನ ಅಳತೆ ಮೀನಿನ ಸಂಖ್ಯೆಗೆ, ಹಾಕುವ ಆಹಾರಕ್ಕೆ ಹೊಂದಬೇಕಾದದ್ದು, ಮತ್ತು ಮೀನುಗಳು ಅವೇ ಇವೆ.

ಪಾತ್ರೆಯ ಪ್ರಶ್ನೆಯೇ ನಿಜವಾಗಿ ಮುಖ್ಯವಾಗುವ ಒಂದು ಜಾಗ ಇದೆ, ಅದು ಶಾಖ. ನೆಲದೊಳಗಿನ ಕೊಳಕ್ಕೆ ಸುತ್ತಲಿನ ಮಣ್ಣೇ ರಕ್ಷಣೆ. ನೆಲದ ಮೇಲಿನ ಪೂಲಿಗೆ ಒಂದು ತೆಳ್ಳನೆಯ ಹಾಳೆಯ ಆಚೆ ಬಯಲ ಗಾಳಿ, ಬಿಸಿಲು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಎಫ್.ಇ.ಜೆ. ಫ್ರೈ ಮತ್ತು ಸಂಗಡಿಗರು 1942ರಲ್ಲಿ ಗೋಲ್ಡ್‌ಫಿಶ್ ಮೇಲೆಯೇ ಮಾಡಿದ ಅಧ್ಯಯನ ಮೀನಿನ ಶಾಖಸಹನೆಯ ಬಗ್ಗೆ ಇಂದಿಗೂ ಆಧಾರಗ್ರಂಥದಂತಿದೆ. ಗೋಲ್ಡ್‌ಫಿಶ್ ಇಷ್ಟು ಡಿಗ್ರಿ ತಾಳುತ್ತದೆ ಎಂಬ ಒಂದೇ ಅಂಕಿ ಇಲ್ಲ ಎಂದು ಆ ಅಧ್ಯಯನ ತೋರಿಸಿತು: ಅದುವರೆಗೆ ಎಷ್ಟು ಶಾಖದಲ್ಲಿ ಬದುಕಿತ್ತು ಎಂಬುದರ ಮೇಲೆ ಮೇಲಿನ ಮಿತಿ ಬದಲಾಗುತ್ತದೆ, ಒಗ್ಗಿದ ಶಾಖ 3 ಡಿಗ್ರಿ ಏರಿದರೆ ಸಾಯುವ ಮಿತಿ ಸುಮಾರು 1 ಡಿಗ್ರಿ ಏರುತ್ತದೆ. ಬಿಸಿಗೆ ಒಗ್ಗುವುದು ಬೇಗ, ತಂಪಿಗೆ ಒಗ್ಗುವುದು ಬಹಳ ನಿಧಾನ. ಇದರ ಅರ್ಥ, ಹಗಲು ಏರಿ ರಾತ್ರಿ ಇಳಿಯುವ ನೀರಿನಲ್ಲಿ ಮೀನು ಹಗಲಿನ ಬಿಸಿಗೆ ಒಗ್ಗಿದರೂ ರಾತ್ರಿಯ ತಂಪಿಗೆ ಸರಿಯಾಗಿ ಹೊಂದಿಕೊಂಡಿರುವುದಿಲ್ಲ. ಟೆಕ್ಸಸ್‌ನ ಆಗಸ್ಟ್ ತಿಂಗಳಲ್ಲಿ ನೆರಳಿಲ್ಲದ ಪೂಲ್ ಎಂದರೆ ಇನ್ನೊಂದು ತೊಡಕೂ ಸೇರುತ್ತದೆ: 15 ಡಿಗ್ರಿಯ ನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯ ನೀರು ಏಳೂವರೆ ಮಾತ್ರ, ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಅದೇ ಹೊತ್ತಿಗೆ ಎರಡು ಪಟ್ಟು ಮೀರಿರುತ್ತದೆ. ಮಿನೆಸೋಟದ ಜನವರಿಯಲ್ಲಿ ಸಂಕಟ ಇನ್ನೊಂದು ಕಡೆಯಿಂದ. ಆಳದ ಕೊಳ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಅತಿ ಸಾಂದ್ರವಾದ 4 ಡಿಗ್ರಿಯ ನೀರು ತಳದಲ್ಲಿ ಉಳಿದು ಮೀನು ಅಲ್ಲಿ ಚಳಿಗಾಲ ಕಳೆಯುತ್ತದೆ. ಪೂಲಿಗೆ ಪಕ್ಕದಿಂದಲೂ ಚಳಿ ಹೊಡೆಯುವುದರಿಂದ ಹಿಮ ಸುತ್ತಲಿಂದ ಒಳಮುಖವಾಗಿ ಬೆಳೆಯುತ್ತದೆ, ತಳದ ಆ ಆಶ್ರಯ ಉಳಿಯುತ್ತದೆ ಎಂದು ನೆಚ್ಚುವಂತಿಲ್ಲ. ಉತ್ತರದ ರಾಜ್ಯಗಳಲ್ಲಿ ಪೂಲ್ ಬೇಸಿಗೆಯ ಬಿಡಾರವಾಗಬಹುದು, ಚಳಿಗಾಲದ ಮನೆಯಾಗದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಗಟ್ಟಿ ಜೀವ ಎಂಬ ಮಾತಿಗೆ ಬರೋಣ. ಇದು ಜನ ಸುಮ್ಮನೆ ಹೇಳುವ ಮಾತಲ್ಲ. ಆಮ್ಲಜನಕ ಪೂರ್ತಿ ಇಲ್ಲದ ನೀರಿನಲ್ಲೂ ಗೋಲ್ಡ್‌ಫಿಶ್ ಕೆಲಕಾಲ ಬದುಕುತ್ತದೆ. ಬೇರೆ ಪ್ರಾಣಿಗಳಲ್ಲಿ ಆಗ ದೇಹದಲ್ಲಿ ಶೇಖರವಾಗಿ ಕೊಲ್ಲುವ ಲ್ಯಾಕ್ಟಿಕ್ ಆಮ್ಲವನ್ನು ಇದು ಮದ್ಯಸಾರವಾಗಿ ಪರಿವರ್ತಿಸಿ ಕಿವಿರಿನ ಮೂಲಕ ಹೊರಹಾಕುತ್ತದೆ. ಇದು 1980ರಲ್ಲೇ ಗೊತ್ತಾಗಿತ್ತು. 2017ರಲ್ಲಿ ಓಸ್ಲೊ ಮತ್ತು ಲಿವರ್‌ಪೂಲಿನ ಸಂಶೋಧಕರು ಇದರ ಹಿಂದಿನ ಜೀನುಗಳನ್ನು ಗುರುತಿಸಿದರು. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್‌ಫಿಶ್ 1999ರವರೆಗೆ, 43 ವರ್ಷ ಬದುಕಿತು. ಇಷ್ಟು ಗಟ್ಟಿ ಇರುವ ಪ್ರಾಣಿಯ ವಿಷಯದಲ್ಲಿ ಇಷ್ಟೆಲ್ಲ ಲೆಕ್ಕ ಏಕೆ ಎಂದು ಕೇಳಬಹುದು. ನನ್ನ ಉತ್ತರ, ಸಹನೆ ಬೇರೆ, ಕ್ಷೇಮ ಬೇರೆ. ಚಳಿಗಾಲದಲ್ಲಿ ಹಿಮದಡಿ ಆಮ್ಲಜನಕ ಮುಗಿದಾಗ ಬದುಕುಳಿಯಲೆಂದು ವಿಕಾಸಗೊಂಡ ಶಕ್ತಿ ಅದು. ತಂಪು ನೀರಿನಲ್ಲಿ ದಿನಗಟ್ಟಲೆ ನಡೆಯುವ ಆ ಉಪಾಯ ಬೇಸಿಗೆಯ ಬಿಸಿನೀರಿನಲ್ಲಿ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಕ್ಲೋರಿನ್ನಿಗೆ, ತಾಮ್ರಕ್ಕೆ ಅದು ಮದ್ದೇ ಅಲ್ಲ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡಿದಾಗ, ನೀರಿನಲ್ಲಿ ಎಷ್ಟು ಆಮ್ಲಜನಕ ಇದ್ದರೂ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಗಟ್ಟಿ ಜೀವದ ಇನ್ನೊಂದು ದುರದೃಷ್ಟವೆಂದರೆ ಅದರ ನರಳಿಕೆ ತಡವಾಗಿ ಕಾಣುತ್ತದೆ. ಸೂಕ್ಷ್ಮವಾದ ಮೀನು ಮೊದಲ ದಿನವೇ ಸತ್ತು ನೀರಿನ ದೋಷ ತೋರಿಸಿಕೊಡುತ್ತದೆ. ಗೋಲ್ಡ್‌ಫಿಶ್ ವಾರಗಟ್ಟಲೆ ಸಹಿಸಿ, ರೆಕ್ಕೆ ಮುದುಡಿಕೊಂಡು, ಆಮೇಲೆ ಯಾವುದೋ ರೋಗಕ್ಕೆ ಸಾಯುತ್ತದೆ. ಮನೆಯವರು ರೋಗವನ್ನು ದೂರುತ್ತಾರೆ.

ಇಷ್ಟು ಓದಿದ ಮೇಲೆ ಪೂಲ್ ಬೇಡವೇ ಬೇಡ ಎನ್ನುವ ಪಕ್ಷ ಗೆದ್ದಂತೆ ಕಾಣಬಹುದು. ಗೆದ್ದಿಲ್ಲ. ಅವರು ಹೇಳುವ ವಿಷಗಳೆಲ್ಲ ಪೂಲಿಗೆ ನಾವು ಹಾಕಿದವು, ಪೂಲ್ ತಾನೇ ಹುಟ್ಟಿಸಿದವಲ್ಲ. ಆಸ್ಟ್ರಿಯ, ಜರ್ಮನಿಗಳಲ್ಲಿ 1980ರ ದಶಕದಿಂದ ಕ್ಲೋರಿನ್ ಇಲ್ಲದೆ, ಗಿಡ ಮತ್ತು ಬ್ಯಾಕ್ಟೀರಿಯಗಳಿಂದಲೇ ನೀರು ಶುದ್ಧವಾಗುವ ಈಜುಕೊಳಗಳು ಇವೆ. ಮಿನಿಯಾಪೊಲಿಸ್‌ನ ವೆಬರ್ ಉದ್ಯಾನದಲ್ಲಿ 2015ರಲ್ಲಿ ಅಂಥದ್ದೊಂದು ಸಾರ್ವಜನಿಕರಿಗೆ ತೆರೆಯಿತು. ಮನುಷ್ಯರು ಈಜುವ ನೀರಿಗೇ ಇದು ಸಾಧ್ಯವಾದರೆ ಮೀನಿನ ನೀರಿಗೆ ಅಸಾಧ್ಯವೆನ್ನಲು ಕಾರಣವಿಲ್ಲ. ತೊಳೆದು, ಹೊಸ ನೀರು ತುಂಬಿ, ಕ್ಲೋರಮಿನ್ ತೆಗೆದು, ಹಳೆಯ ಫಿಲ್ಟರನ್ನೂ ಗಿಡಗಳನ್ನೂ ತಂದಿಟ್ಟು, ಅರ್ಧಕ್ಕೆ ನೆರಳು ಕಟ್ಟಿದ ಪೂಲ್ ಕೆಲವು ವಿಷಯಗಳಲ್ಲಿ ಕೊಳಕ್ಕಿಂತ ಮೇಲು ಕೂಡ. ಕೊಕ್ಕರೆ ನಿಂತು ಬೇಟೆಯಾಡುವುದು ಮೊಣಕಾಲುದ್ದದ ನೀರಿನಲ್ಲಿ. ನೇರ ಗೋಡೆಯ, ಸೊಂಟದೆತ್ತರ ನೀರಿನ ಪೂಲಿನಲ್ಲಿ ಅದಕ್ಕೆ ಕಾಲೂರಲು ಜಾಗವಿಲ್ಲ. ರಕೂನಿಗೂ ಅಂಚಿನಲ್ಲಿ ಕೂತು ಕೈಯಾಡಿಸುವ ಆಳವಿಲ್ಲದ ಮೂಲೆ ಸಿಗುವುದಿಲ್ಲ. ಮೀನು ಹಾರಿ ಬೀಳದಂತೆ ನೀರನ್ನು ಅಂಚಿನಿಂದ ಒಂದು ಗೇಣು ಕೆಳಗಿಟ್ಟರೆ ಸಾಕು. ಆದರೆ ಹಾಗೆ ಸಿದ್ಧವಾದದ್ದು ಮತ್ತೆ ಮಕ್ಕಳ ಆಟದ ಪೂಲಲ್ಲ, ಅದನ್ನು ಒಪ್ಪಿಕೊಂಡೇ ಕೈ ಹಾಕಬೇಕು. ಬಿಸಿಲಿಗೆ ಮೈಗೆ ಹಚ್ಚಿದ ಕ್ರೀಮು ಮೀನಿಗೆ ಒಳ್ಳೆಯದಲ್ಲ. ಮೀನಿನ ನೀರಿನ ಕೆಲವು ಬ್ಯಾಕ್ಟೀರಿಯಗಳು ಗಾಯವಿರುವ ಚರ್ಮಕ್ಕೆ ಒಳ್ಳೆಯದಲ್ಲ.

ಸಾಗಿಸುವ ಕ್ರಿಯೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಮೀನಿನ ಚೀಲವನ್ನು ಹೊಸ ನೀರಿನಲ್ಲಿ ತೇಲಿಬಿಟ್ಟು ಅರ್ಧ ಗಂಟೆ ಕಾಯುವುದನ್ನೇ ಒಗ್ಗಿಸುವಿಕೆ ಎಂದು ಕರೆಯುತ್ತಾರೆ. ಅದು ಶಾಖವನ್ನು ಸಮ ಮಾಡುತ್ತದೆ, ಬೇರೇನನ್ನೂ ಮಾಡುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಪಿಎಚ್. ವರ್ಷಗಟ್ಟಲೆ ನೀರು ಬದಲಿಸದ ಕೊಳದಲ್ಲಿ ಕ್ಷಾರತೆ ಕರಗಿ ಪಿಎಚ್ 7ಕ್ಕೂ ಕೆಳಗೆ ಇಳಿದಿರಬಹುದು. ಅಂಥ ನೀರಿನಲ್ಲಿ ಅಮೋನಿಯಾ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ: 25 ಡಿಗ್ರಿಯಲ್ಲಿ, ಪಿಎಚ್ 7ರ ನೀರಿನಲ್ಲಿ ವಿಷವಾಗಿರುವ ಪಾಲು ಶೇಕಡ ಒಂದಕ್ಕೂ ಕಡಿಮೆ, ಪಿಎಚ್ 8ರಲ್ಲಿ ಶೇಕಡ 5ರ ಹತ್ತಿರ, 9ರಲ್ಲಿ ಶೇಕಡ 36. ಬಿಸಿಲಿನ ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ಪೂಲಿನ ಪಿಎಚ್ 9ನ್ನು ಮುಟ್ಟುವುದು ಅಪರೂಪವಲ್ಲ. ಮೊದಲ ಲೆಕ್ಕದಲ್ಲಿ ಪೂಲಿನಲ್ಲಿ ತಿಂಗಳ ಕೊನೆಗೆ ಉಳಿದಿದ್ದ 0.7 ಮಿಲಿಗ್ರಾಂ ಬೆಳಿಗ್ಗೆ ಏನೂ ಅಲ್ಲ, ಅದೇ ಮಧ್ಯಾಹ್ನ ಕಿವಿರು ಹಾಳುಮಾಡುವ ವಸ್ತು. ಆದ್ದರಿಂದ ಮೀನು ಸಾಗಿಸುವ ಮೊದಲಿನ ವಾರಗಳಲ್ಲಿ ಕೊಳದ ನೀರನ್ನೇ ಸ್ವಲ್ಪ ಸ್ವಲ್ಪ ಬದಲಿಸುತ್ತ ಹೊಸ ನೀರಿನ ಪಿಎಚ್‌ಗೆ ಹತ್ತಿರ ತರುವುದು ಒಳ್ಳೆಯದು. ಒಂದು ಹಿತ್ತಲಲ್ಲೇ ಹತ್ತು ಹೆಜ್ಜೆ ಒಯ್ಯುವಾಗ ಚೀಲವೂ ಬೇಡ. ಮುಚ್ಚಳವಿರುವ ಅಗಲವಾದ ಟಬ್ ಸಾಕು.

ಇಷ್ಟೆಲ್ಲ ಆಗದು ಎನ್ನುವವರು ಕೊನೆಗೆ ಮುಂದಿಡುವ ದಾರಿ ಊರ ಕೆರೆ. ಅಲ್ಲಿ ನೀರಿಗೆ ಬರವಿಲ್ಲ, ಬ್ಯಾಕ್ಟೀರಿಯ ಇದೆ, ಮೀನು ಸ್ವತಂತ್ರವಾಗಿರುತ್ತದೆ. ಮೀನಿನ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ, ಮತ್ತು ಅದೇ ಇದರ ಅಪಾಯ. 2021ರ ಜುಲೈಯಲ್ಲಿ ಮಿನೆಸೋಟದ ಬರ್ನ್ಸ್‌ವಿಲ್ ನಗರದವರು ಕೆಲ್ಲರ್ ಕೆರೆಯಲ್ಲಿ ಸಿಕ್ಕ ಭಾರೀ ಗೋಲ್ಡ್‌ಫಿಶ್‌ಗಳ ಚಿತ್ರ ಪ್ರಕಟಿಸಿ, ದಯವಿಟ್ಟು ಬಿಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಪಶ್ಚಿಮ ಆಸ್ಟ್ರೇಲಿಯದ ವ್ಯಾಸ್ ನದಿಯಲ್ಲಿ ಮರ್ಡಾಕ್ ವಿಶ್ವವಿದ್ಯಾಲಯದವರು ಗುರುತು ಹಾಕಿ ಬಿಟ್ಟ ಗೋಲ್ಡ್‌ಫಿಶ್‌ಗಳಲ್ಲಿ ಒಂದು ಮೀನು ಒಂದು ವರ್ಷದಲ್ಲಿ 230 ಕಿಲೋಮೀಟರ್ ಓಡಾಡಿತ್ತು. ತಳ ಕೆದಕಿ ಬೇರು ಕಿತ್ತು ನೀರನ್ನು ರಾಡಿ ಮಾಡುವ ಈ ಮೀನು ಅಲ್ಲಿನ ಬೇರೆ ಮೀನುಗಳ ಮೊಟ್ಟೆಗಳನ್ನೂ ಬಿಡುವುದಿಲ್ಲ. ಸಾಕಲಾಗದಿದ್ದರೆ ಕೊಳ ಇರುವ ಇನ್ನೊಬ್ಬರಿಗೆ ಕೊಡುವುದು, ಮಾರಿದ ಅಂಗಡಿಯವರು ತೆಗೆದುಕೊಳ್ಳುವರೇ ಎಂದು ವಿಚಾರಿಸುವುದು ಸರಿಯಾದ ದಾರಿ.

ಪೂಲಿಗೆ ಮೀನು ಬಂದ ಮೇಲೆ ಮೊದಲ ಆರು ವಾರ ಆಹಾರ ಅರ್ಧಕ್ಕಿಳಿಸಿ, ಎರಡು ಮೂರು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಬೇಕು. ನೈಟ್ರೈಟ್ ಕಂಡರೆ ಲೀಟರಿಗೆ ಒಂದು ಗ್ರಾಮಿನಷ್ಟು ಸಾದಾ ಉಪ್ಪು ಸಹಾಯಕ್ಕೆ ಬರುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಆಮೇಲೆ ಕೊಳದ ರಿಪೇರಿ ಮುಗಿಯುತ್ತದೆ, ಮೀನನ್ನು ಹಿಂದಕ್ಕೆ ಒಯ್ಯುವ ದಿನ ಬರುತ್ತದೆ, ಮತ್ತು ಆಗ ಜನ ಎಲ್ಲ ಎಚ್ಚರಿಕೆಯನ್ನೂ ಬಿಡುತ್ತಾರೆ, ತಮ್ಮದೇ ಹಳೆಯ ಕೊಳವಲ್ಲವೇ ಎಂದು. ಆದರೆ ಈಗ ಹೊಸ ಹಾಳೆ ಹಾಸಿ, ಕಲ್ಲು ತೊಳೆದು, ನಲ್ಲಿಯ ತಿಳಿನೀರು ತುಂಬಿಸಿಕೊಂಡಿರುವುದು ಕೊಳ. ಗೋಡೆಗೆ ಲೋಳೆ ಹಿಡಿದು, ನೀರು ಹಸಿರಾಗಿ, ಅಮೋನಿಯಾ ಸೊನ್ನೆಗೆ ಬಂದಿರುವುದು ಪೂಲ್. ಪೂಲಿನಲ್ಲಿ ಓಡುತ್ತಿರುವ ಆ ಹಳೆಯ ಫಿಲ್ಟರನ್ನೂ ಗಿಡಗಳನ್ನೂ ಮೀನುಗಳ ಜೊತೆಯಲ್ಲೇ ಒದ್ದೆಯಾಗಿ ಒಯ್ಯಬೇಕು. ಈ ಸಲ ನೀರು ಎರಡು ಸಾವಿರ ಲೀಟರ್ ಮಾತ್ರ, ತಪ್ಪಿದರೆ ತಿದ್ದಿಕೊಳ್ಳಲು ಸಿಗುವ ದಿನಗಳು ಹೋದ ಸಲದ ಏಳರಲ್ಲೊಂದು ಪಾಲು.